ಬದಲಿ ಕ್ವಾರ್ಟರ್‌ಬ್ಯಾಕ್ ಕೈಗೆ ಹರ್ರಿ-ಅಪ್ ಕೊಡುವುದು ಹೇಗೆ

ಅಮೆರಿಕನ್ ಫುಟ್‌ಬಾಲ್ ಸಣ್ಣ ಸಣ್ಣ ಪ್ಲೇಗಳಾಗಿ ನಡೆಯುತ್ತದೆ, ಪ್ರತಿ ಪ್ಲೇಯಲ್ಲೂ ಚೆಂಡು ಪಡೆದು ಎಸೆಯುವ ಇಲ್ಲವೇ ಓಟಗಾರನಿಗೆ ಕೊಡುವವನು ಕ್ವಾರ್ಟರ್‌ಬ್ಯಾಕ್. ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ಹೊರಗೆ ಬಂದಿದ್ದಾನೆ, ಬದಲಿಯವನು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾನೆ. ಈ ಹೊತ್ತಿನಲ್ಲಿ ಬಹಳಷ್ಟು ಕೋಚ್‌ಗಳು ಆಟವನ್ನು ನಿಧಾನ ಮಾಡುತ್ತಾರೆ. ಪ್ರತಿ ಪ್ಲೇಗೂ ಹಡಲ್ (ಮುಂದಿನ ಪ್ಲೇ ತಿಳಿಸಲು ಎಲ್ಲರೂ ಸುತ್ತುಗೂಡುವುದು), ಎರಡು ಡೌನ್ ಓಟ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಒಂದೊಂದೂ ಒಂದು ಡೌನ್), ಮೂರನೇ ಡೌನ್‌ಗೆ ಇನ್ನೂ ಎಂಟೊಂಬತ್ತು ಯಾರ್ಡ್ ಬಾಕಿ, ಆಗ ಪಾಸ್. ಹುಡುಗನನ್ನು ಕಾಪಾಡಲು ಹೊರಟು ಅವನನ್ನು ಅತಿ ಕಷ್ಟದ ಜಾಗದಲ್ಲೇ ನಿಲ್ಲಿಸಿದ ಹಾಗಾಯಿತು. ಪಾಸ್ ಬರುತ್ತದೆ ಎಂದು ಡಿಫೆನ್ಸ್‌ಗೆ ಗೊತ್ತು. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಹೊಸಬರನ್ನು ಒಳಗೆ ಕಳಿಸಲು, ಬ್ಲಿಟ್ಜ್ (ಹೆಚ್ಚು ಜನ ಒಮ್ಮೆಗೇ ನುಗ್ಗುವುದು) ಅಡಗಿಸಿಡಲು ಅದಕ್ಕೆ ಬೇಕಾದಷ್ಟು ಸಮಯವೂ ಸಿಕ್ಕಿದೆ.

ಹಡಲ್ ಬಿಟ್ಟು ಒಂದರ ಹಿಂದೊಂದು ಪ್ಲೇ ಬೇಗ ಬೇಗ ಆಡುವ ಹರ್ರಿ-ಅಪ್ ಈ ಲೆಕ್ಕವನ್ನು ತಿರುಗಿಸುತ್ತದೆ. ಅಫೆನ್ಸ್ (ಚೆಂಡು ಕೈಯಲ್ಲಿರುವ ತಂಡ) ಆಟಗಾರರನ್ನು ಬದಲಿಸದಿದ್ದರೆ ಡಿಫೆನ್ಸ್‌ಗಾಗಿ ರೆಫರಿ ಕಾಯಬೇಕಾಗಿಲ್ಲ. ಡಿಫೆನ್ಸ್‌ನ ದಣಿದ ಲೈನ್‌ಮನ್‌ಗಳು (ಮುಂದಿನ ಸಾಲಿನವರು) ಅಲ್ಲೇ ಉಳಿಯುತ್ತಾರೆ. ಕರೆ ಮುಟ್ಟಿಸಲು ಸಮಯವಿಲ್ಲದ ಡಿಫೆನ್ಸ್ ಒಂದೋ ಎರಡೋ ಸರಳ ಕವರೇಜ್‌ಗೆ (ಪಾಸ್ ಹಿಡಿಯುವವರನ್ನು ಕಾಯುವ ಬಗೆ) ಇಳಿಯುತ್ತದೆ. ಹೆಚ್ಚು ಆಡಿರದ ಕ್ವಾರ್ಟರ್‌ಬ್ಯಾಕ್‌ಗೆ ಬೇಕಾದದ್ದೂ ಅದೇ, ಎದುರಿಗೆ ಸರಳವಾದ ಚಿತ್ರ. ಆದರೆ ವೇಗವೆಂದರೆ ಗಡಿಬಿಡಿಯಲ್ಲ. ಮೈದಾನದಲ್ಲಿ ಬಾಯಿಬಿಟ್ಟು ಹೇಳಬೇಕಾದ ಮಾತು ಕಡಿಮೆಯಾದಷ್ಟೂ ವೇಗ ತಾನಾಗಿ ಬರುತ್ತದೆ. ಮಾತು ಕಡಿಮೆ ಮಾಡುವ ಕೆಲಸ ಅಭ್ಯಾಸದ ವಾರದಲ್ಲೇ ಮುಗಿದಿರಬೇಕು.

ಇದಕ್ಕೆ ದೊಡ್ಡ ಸಾಕ್ಷಿ 1993ರ ಜನವರಿ 3ರ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ಪ್ಲೇಆಫ್ ಪಂದ್ಯ. ಮುಖ್ಯ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ ಮಂಡಿ ನೋವಿನಿಂದ ಹೊರಗಿದ್ದರು. ಬಫಲೋ ಬಿಲ್ಸ್ ಪರ ಬದಲಿ ಕ್ವಾರ್ಟರ್‌ಬ್ಯಾಕ್ ಫ್ರ್ಯಾಂಕ್ ರೀಕ್ ಆಡಿದರು. ಮೂರನೇ ಕ್ವಾರ್ಟರ್‌ನ ಆರಂಭದಲ್ಲಿ ಹ್ಯೂಸ್ಟನ್ ಆಯಿಲರ್ಸ್ 35–3ರಿಂದ ಮುಂದಿತ್ತು. ರೀಕ್ ದ್ವಿತೀಯಾರ್ಧದಲ್ಲಿ ನಾಲ್ಕು ಟಚ್‌ಡೌನ್ ಪಾಸ್ ಎಸೆದರು, ಬಿಲ್ಸ್ ಓವರ್‌ಟೈಮ್‌ನಲ್ಲಿ 41–38ರಿಂದ ಗೆದ್ದಿತು. ಹಡಲ್ ಇಲ್ಲದ ಆ ಅಫೆನ್ಸ್ ಬಿಲ್ಸ್‌ನ ದಿನನಿತ್ಯದ ಆಟವೇ ಆಗಿತ್ತು. ರೀಕ್‌ಗಾಗಿ ಅಂದು ಹೊಸದೇನನ್ನೂ ಹೊಸೆಯಬೇಕಾಗಿರಲಿಲ್ಲ. ಇಡೀ ತಂಡಕ್ಕೆ ಬಾಯಿಪಾಠವಾದದ್ದನ್ನೇ ಅವರು ನಡೆಸಿದರು.

ಮೂರು ವೇಗ, ಮೂರು ಹೆಸರು

ನೋ-ಹಡಲ್ ಮತ್ತು ಹರ್ರಿ-ಅಪ್ ಒಂದೇ ಅಲ್ಲ. ಹಡಲ್ ಬಿಟ್ಟು ನೇರ ಲೈನ್‌ಗೆ ಬಂದು, ನಿಧಾನವಾಗಿ ಡಿಫೆನ್ಸ್ ನೋಡಿ, ಸೈಡ್‌ಲೈನ್‌ನಿಂದ ಕರೆ ಪಡೆದು ಆಡುವುದೂ ನೋ-ಹಡಲ್. ಬದಲಿ ಆಟಗಾರನಿಗೆ ಮೂರು ವೇಗಗಳನ್ನು ಬೇರೆ ಬೇರೆ ಹೆಸರಿಟ್ಟು ಕಲಿಸಿ. ಮೊದಲನೆಯದು ‘ನೋಡು’: ಲೈನ್‌ಗೆ ಬೇಗ ಬಂದು ಸ್ನ್ಯಾಪ್‌ಗೆ (ಲೈನ್ ನಡುವಿನ ಆಟಗಾರ ಸೆಂಟರ್ ಚೆಂಡನ್ನು ಹಿಂದಕ್ಕೆ ಕ್ವಾರ್ಟರ್‌ಬ್ಯಾಕ್‌ಗೆ ಕೊಡುವುದು) ಕಾಯುವುದು. ಎರಡನೆಯದು ‘ಓಡು’: ಚೆಂಡು ಇಟ್ಟ ಕೂಡಲೇ ಸ್ನ್ಯಾಪ್. ಮೂರನೆಯದು ‘ಗಡಿಯಾರ’: ಅರ್ಧದ ಕೊನೆಯ ಎರಡು ನಿಮಿಷದ ಆಟ. ಅಲ್ಲಿ ಸೈಡ್‌ಲೈನ್, ಟೈಮ್‌ಔಟ್, ಸ್ಪೈಕ್ (ಗಡಿಯಾರ ನಿಲ್ಲಿಸಲು ಚೆಂಡನ್ನು ನೆಲಕ್ಕೆ ಹೊಡೆಯುವುದು) ಎಲ್ಲ ಲೆಕ್ಕಕ್ಕೆ ಬರುತ್ತವೆ.

ಬದಲಿಯವನು ಒಳಗೆ ಬಂದ ಮೊದಲ ಡ್ರೈವ್‌ನಲ್ಲಿ ‘ನೋಡು’ ವೇಗದಿಂದ ಶುರುಮಾಡಿ. ಒಂದು ಫಸ್ಟ್ ಡೌನ್ (ಹತ್ತು ಯಾರ್ಡ್ ದಾಟಿ ಹೊಸದಾಗಿ ನಾಲ್ಕು ಡೌನ್) ಸಿಕ್ಕಿದ ಮೇಲೆ ಮಾತ್ರ ‘ಓಡು’. ಕಾರಣ ನೇರವಾಗಿದೆ. ಹರ್ರಿ-ಅಪ್‌ನಲ್ಲಿ ಮೂರು ಪಾಸ್ ನೆಲಕ್ಕೆ ಬಿದ್ದರೆ ಗೇಮ್ ಕ್ಲಾಕ್‌ನಲ್ಲಿ ಇಪ್ಪತ್ತು ಸೆಕೆಂಡ್ ಕೂಡ ಕಳೆಯದೆ ಪಂಟ್ ಮಾಡಬೇಕಾಗುತ್ತದೆ (ಚೆಂಡನ್ನು ಒದ್ದು ಎದುರಾಳಿಗೆ ಬಿಡಬೇಕಾಗುತ್ತದೆ), ಆಗಷ್ಟೇ ಕೂತು ನೀರು ಕುಡಿಯುತ್ತಿದ್ದ ನಿಮ್ಮ ಡಿಫೆನ್ಸ್ ಮತ್ತೆ ಎದ್ದು ಹೋಗಬೇಕಾಗುತ್ತದೆ. ಇದು ಎರಡು ಸಲ ನಡೆದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಅವರ ಕಾಲು ಏಳುವುದಿಲ್ಲ.

ಪ್ಲೇ ಪಟ್ಟಿ: ಹದಿನೈದಕ್ಕೆ ಮಿತಿ

ಬದಲಿ ಕ್ವಾರ್ಟರ್‌ಬ್ಯಾಕ್‌ನ ಹರ್ರಿ-ಅಪ್ ಪಟ್ಟಿಯಲ್ಲಿ 13ರಿಂದ 15 ಪ್ಲೇ ಸಾಕು. ನಾಲ್ಕು ಓಟ, ಐದಾರು ಚುರುಕಿನ ಪಾಸ್, ಎರಡು ಸ್ಕ್ರೀನ್ (ಮುಂದೆ ತಡೆಯುವವರಿರುವ ಗಿಡ್ಡ ಪಾಸ್), ಒಂದು ಬೂಟ್‌ಲೆಗ್ (ಓಟದ ನಟನೆ ಮಾಡಿ ಕ್ವಾರ್ಟರ್‌ಬ್ಯಾಕ್ ಒಂದು ಬದಿಗೆ ಓಡಿ ಎಸೆಯುವುದು), ಒಂದೆರಡು ಉದ್ದದ ಎಸೆತ. ಇನ್‌ಸೈಡ್ ಝೋನ್ ಎಂಬ ಒಳಬದಿಯ ಓಟ ಮತ್ತು ಅದಕ್ಕೆ ಜೋಡಿಸಿದ ಆರ್‌ಪಿಒ (ಓಟವೋ ಪಾಸೋ ಎಂದು ಸ್ನ್ಯಾಪ್ ಆದ ಮೇಲೆ ಆಯುವ ಪ್ಲೇ) ಮೊದಲು ಇರಲಿ. ಆರ್‌ಪಿಒದಲ್ಲಿ ಅವನು ಒಬ್ಬನನ್ನೇ ನೋಡಬೇಕು. ಆ ಲೈನ್‌ಬ್ಯಾಕರ್ (ಲೈನ್‌ಮನ್‌ಗಳ ಹಿಂದೆ ನಿಲ್ಲುವ ಡಿಫೆನ್ಸ್ ಆಟಗಾರ) ಮುಂದೆ ನುಗ್ಗಿದರೆ ಎಸೆತ, ಹಿಂದೆ ನಿಂತರೆ ಓಟ. ಹಿಚ್, ಸ್ಲ್ಯಾಂಟ್, ಸ್ಟಿಕ್ ಮಾದರಿಯ ಗಿಡ್ಡ ಪಾಸ್‌ಗಳಲ್ಲಿ ಚೆಂಡು ಎರಡು ಸೆಕೆಂಡಿನ ಆಸುಪಾಸಿನಲ್ಲಿ ಕೈ ಬಿಡುತ್ತದೆ, ಸ್ಯಾಕ್‌ನ (ಎಸೆಯುವ ಮೊದಲೇ ಕೆಡವಿಸಿಕೊಳ್ಳುವ) ಭಯ ಕಡಿಮೆ. ಬೂಟ್‌ಲೆಗ್ ಮೈದಾನವನ್ನು ಅರ್ಧಕ್ಕೆ ಇಳಿಸುತ್ತದೆ. ಹತ್ತಿರ ಒಬ್ಬ, ನಡುವೆ ಒಬ್ಬ, ದೂರ ಒಬ್ಬ, ಮೂವರೂ ಒಂದೇ ಕಡೆ. ಯಾರೂ ಖಾಲಿಯಿಲ್ಲದಿದ್ದರೆ ಹೊರಗೆ ಓಡಿಬಿಡಬಹುದು.

ಪಾಸ್ ಹಿಡಿಯುವ ರಿಸೀವರ್ ಓಡುತ್ತಲೇ ದಾರಿ ಆಯ್ದುಕೊಳ್ಳುವ ಆಪ್ಷನ್ ರೂಟ್‌ಗಳನ್ನೂ, ಹದಿನೆಂಟು ಯಾರ್ಡ್ ಓಡಿ ಹಿಂದಿರುಗುವ ಕಮ್‌ಬ್ಯಾಕ್‌ಗಳನ್ನೂ ತೆಗೆದುಹಾಕಿ. ಅವು ತಿಂಗಳುಗಟ್ಟಲೆ ಜೊತೆಗೆ ಆಡಿದವರಿಗೆ ಮಾತ್ರ ಕೂಡಿಬರುತ್ತವೆ. ಬದಲಿಯವನು ಎಸೆಯುವ ಹೊತ್ತಿಗೆ ರಿಸೀವರ್ ಇನ್ನೂ ತಿರುಗಿರುವುದಿಲ್ಲ, ಅವನನ್ನು ಕಾಯುವ ಕಾರ್ನರ್‌ಬ್ಯಾಕ್ ತಿರುಗಿರುತ್ತಾನೆ.

ಪಟ್ಟಿ ಬರೆಯುವ ಮೊದಲು ಅವನನ್ನೇ ಕೇಳಿ: ಕಣ್ಣು ಮುಚ್ಚಿದರೂ ಬರುವ ಆರು ಪ್ಲೇ ಯಾವುವು? ಆ ಆರು ಪಟ್ಟಿಯ ತಲೆಗೆ ಬರಲಿ, ಅವು ನಿಮ್ಮ ಇಷ್ಟದವು ಆಗದಿದ್ದರೂ ಸರಿ. 2017ರ ಡಿಸೆಂಬರ್‌ನಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮಂಡಿಯ ಗಾಯದಿಂದ ಹೊರಬಿದ್ದಾಗ ಫಿಲಡೆಲ್ಫಿಯಾ ಈಗಲ್ಸ್ ಕೋಚ್ ಡಗ್ ಪೀಡರ್ಸನ್ ಮಾಡಿದ್ದೂ ಇಂಥದ್ದೇ. ಬದಲಿ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್‌ಗೆ ಒಗ್ಗುವ ಆರ್‌ಪಿಒಗಳಿಗೆ ಹೆಚ್ಚು ಜಾಗ ಸಿಕ್ಕಿತು. 2018ರ ಫೆಬ್ರವರಿ 4ರ ಸೂಪರ್ ಬೌಲ್‌ನಲ್ಲಿ ಈಗಲ್ಸ್ 41–33ರಿಂದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು ಮಣಿಸಿತು, ಫೋಲ್ಸ್ ಪಂದ್ಯದ ಅತ್ಯುತ್ತಮ ಆಟಗಾರರಾದರು. ಆ ತಂಡದ ಅಫೆನ್ಸಿವ್ ಕೋಆರ್ಡಿನೇಟರ್ ಅದೇ ಫ್ರ್ಯಾಂಕ್ ರೀಕ್.

ಒಂದೇ ಪದದ ಕರೆ

ಸಾಮಾನ್ಯ ಕರೆಯಲ್ಲಿ ಫಾರ್ಮೇಶನ್ (ಯಾರು ಎಲ್ಲಿ ನಿಲ್ಲಬೇಕು), ಮೋಷನ್ (ಸ್ನ್ಯಾಪ್‌ಗೆ ಮೊದಲು ಯಾರು ಸರಿಯಬೇಕು), ಪ್ರೊಟೆಕ್ಷನ್ (ಯಾರು ಯಾರನ್ನು ತಡೆಯಬೇಕು), ರೂಟ್, ಸ್ನ್ಯಾಪ್ ಎಣಿಕೆ ಎಲ್ಲ ಸೇರಿ ಒಂದು ವಾಕ್ಯವೇ ಆಗುತ್ತದೆ. ಹರ್ರಿ-ಅಪ್‌ನಲ್ಲಿ ಇವೆಲ್ಲ ಒಂದೇ ಪದದೊಳಗೆ ಅಡಗಬೇಕು. ಊರಿನ ಹೆಸರು ಕೇಳಿದರೆ ಓಟ, ಪ್ರಾಣಿಯ ಹೆಸರು ಕೇಳಿದರೆ ಪಾಸ್ ಎಂಬಂಥ ಕಟ್ಟುಪಾಡು ಇಟ್ಟರೆ ಲೈನ್‌ಮನ್‌ಗಳಿಗೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಉಚ್ಚಾರ ಹತ್ತಿರವಿರುವ ಎರಡು ಪದ ಬೇಡ. ಗದ್ದಲದ ಮೈದಾನದಲ್ಲಿ ಮೊದಲ ಅಕ್ಷರವಷ್ಟೇ ಕೇಳಿಸುತ್ತದೆ.

ಎನ್‌ಎಫ್‌ಎಲ್‌ನಲ್ಲಿ 1994ರಿಂದ ಕೋಚ್ ಮಾತು ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ಗೆ ರೇಡಿಯೋ ಮೂಲಕ ಹೋಗುತ್ತದೆ. ಪ್ಲೇ ಕ್ಲಾಕ್ (ಸ್ನ್ಯಾಪ್‌ಗೆ ಉಳಿದ ಸಮಯ ತೋರಿಸುವ ಗಡಿಯಾರ) 15 ಸೆಕೆಂಡಿಗೆ ಇಳಿದಾಗ ಆ ರೇಡಿಯೋ ಕಡಿತವಾಗುತ್ತದೆ. ಇಲ್ಲೇ ವೇಗದ ಇನ್ನೊಂದು ಲಾಭವಿದೆ. ಪ್ಲೇ ಕ್ಲಾಕ್ 25 ಇರುವಾಗಲೇ ಲೈನ್ ಸಿದ್ಧವಾದರೆ, ಎದುರಿನ ಡಿಫೆನ್ಸ್ ಹೇಗೆ ನಿಂತಿದೆ ಎಂದು ನೋಡಿ ಕೋಚ್ ಇನ್ನೂ ಹತ್ತು ಸೆಕೆಂಡ್ ಮಾತನಾಡಬಹುದು. ಹಡಲ್ ಮುಗಿಸಿ 12 ಇರುವಾಗ ಲೈನ್‌ಗೆ ಬಂದರೆ ಬದಲಿಯವನು ಒಂಟಿ. ಹತ್ತು ಸೆಕೆಂಡ್ ಸಿಕ್ಕಿತೆಂದು ಹತ್ತು ಸಂಗತಿ ಹೇಳಬೇಡಿ. ‘ಸೇಫ್ಟಿ ಒಬ್ಬನೇ, ಬಲಗಡೆ ನೋಡು’ ಎಂಬಷ್ಟು ಸಾಕು (ಸೇಫ್ಟಿ ಎಂದರೆ ಡಿಫೆನ್ಸ್‌ನ ಕೊನೆಯ ಸಾಲಿನ ಕಾವಲುಗಾರ).

ರೇಡಿಯೋ ಇಲ್ಲದ ಕಡೆ ಕೈಸನ್ನೆ ಮತ್ತು ಸಂಖ್ಯೆ ಹಾಕಿದ ಪ್ಲೇಗಳ ಮಣಿಕಟ್ಟಿನ ಪಟ್ಟಿ. ಸನ್ನೆ ಕೊಡುವವರು ಮೂವರು ನಿಲ್ಲಲಿ, ಒಬ್ಬರದ್ದು ನಿಜ, ಇಬ್ಬರದ್ದು ತೋರಿಕೆ. ಯಾರದ್ದು ನಿಜ ಎಂಬುದು ಪ್ರತಿ ಕ್ವಾರ್ಟರ್‌ಗೂ ಬದಲಾಗಲಿ. ಮಣಿಕಟ್ಟಿನ ಪಟ್ಟಿಯಲ್ಲಿ ಬದಲಿಯವನ ಪ್ಲೇಗಳಿಗೆ ಬಣ್ಣ ಹಚ್ಚಿ. ಪಂದ್ಯಕ್ಕೆ ಮುಂಚೆ ಹನ್ನೊಂದೂ ಜನರ ಪಟ್ಟಿ ಒಂದೇ ವಾರದ್ದೇ ಎಂದು ಒಬ್ಬರು ಕೈಹಿಡಿದು ನೋಡಲೇಬೇಕು. ಬದಲಿಯವನ ಕೈಯಲ್ಲಿ ಹೋದ ವಾರದ ಹಾಳೆ ಉಳಿದಿದ್ದರೆ 23 ಎಂಬ ಸಂಖ್ಯೆ ಅವನಿಗೆ ಸ್ಕ್ರೀನ್, ಉಳಿದವರಿಗೆ ಓಟ.

ಅಭ್ಯಾಸದ ವಾರ

ಬದಲಿ ಕ್ವಾರ್ಟರ್‌ಬ್ಯಾಕ್ ವಾರವಿಡೀ ಸ್ಕೌಟ್ ತಂಡದಲ್ಲಿ ಮುಂದಿನ ಎದುರಾಳಿಯ ಪ್ಲೇಗಳನ್ನು ಕಾರ್ಡ್ ನೋಡಿ ಆಡಿಸುತ್ತಿರುತ್ತಾನೆ. ಅಂದರೆ ಅವನು ಅಭ್ಯಾಸ ಮಾಡುವುದು ಬೇರೆಯವರ ಅಫೆನ್ಸನ್ನು! ಆದ್ದರಿಂದ ನಿಮ್ಮದೇ ಹರ್ರಿ-ಅಪ್‌ಗೆ ವಾರಕ್ಕೆ ಎರಡು ಸಲ ಹತ್ತು ನಿಮಿಷ ಕಡ್ಡಾಯವಾಗಿ ತೆಗೆದಿಡಿ. ಮೊದಲ ಸಾಲಿನ ಸೆಂಟರ್, ಮೊದಲ ಸಾಲಿನ ರಿಸೀವರ್‌ಗಳು, ಬದಲಿ ಕ್ವಾರ್ಟರ್‌ಬ್ಯಾಕ್. ನಾಲ್ಕು ಪ್ಲೇಗಳ ಮೂರು ಸುತ್ತು, ನಡುವೆ ಉಸಿರು ತೆಗೆದುಕೊಳ್ಳಲು ಒಂದು ನಿಮಿಷ. ಒಬ್ಬರು ರೆಫರಿಯಂತೆ ಚೆಂಡು ಇಡಬೇಕು, ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿಯಬೇಕು. ಕೋಚ್‌ಗಳು ಮೈದಾನದೊಳಗೆ ನಿಂತು ಕಿವಿಮಾತು ಹೇಳುವುದು ಬೇಡ. ಪಂದ್ಯದಲ್ಲಿ ಕರೆ ಬರುವುದು ಸೈಡ್‌ಲೈನ್‌ನಿಂದಲೇ, ಅಭ್ಯಾಸದಲ್ಲೂ ಅಲ್ಲಿಂದಲೇ ಬರಲಿ.

ಸ್ಟಾಪ್‌ವಾಚ್‌ನಲ್ಲಿ ಗುರಿ ಹೀಗಿರಲಿ. ಹಿಂದಿನ ಪ್ಲೇ ಮುಗಿದ 4 ಸೆಕೆಂಡಿನೊಳಗೆ ಚೆಂಡು ರೆಫರಿಯ ಕೈಯಲ್ಲಿ. 10ರ ಹೊತ್ತಿಗೆ ಲೈನ್‌ಮನ್‌ಗಳು ಜಾಗದಲ್ಲಿ. 12ರೊಳಗೆ ಕರೆ ಎಲ್ಲರಿಗೂ ಮುಟ್ಟಿರಬೇಕು. 15ರಿಂದ 18ರ ನಡುವೆ ಸ್ನ್ಯಾಪ್. ಪ್ಲೇ ಕ್ಲಾಕ್ 40ರಿಂದ ಇಳಿಯುವುದರಿಂದ ಸ್ನ್ಯಾಪ್ ಹೊತ್ತಿಗೆ ಅದರಲ್ಲಿ 22ರಿಂದ 25 ಉಳಿದಿರುತ್ತದೆ.

ಈ ಸೆಕೆಂಡುಗಳು ಉಳಿಯುವುದು ಕ್ವಾರ್ಟರ್‌ಬ್ಯಾಕ್‌ನಿಂದಲ್ಲ. ಟ್ಯಾಕಲ್ ಆದ, ಅಂದರೆ ಎದುರಾಳಿ ಕೆಡವಿದ ರನ್ನಿಂಗ್ ಬ್ಯಾಕ್‌ನನ್ನು (ಚೆಂಡು ಹಿಡಿದು ಓಡುವವನನ್ನು) ನೋಡಿ. ಅವನು ಚೆಂಡನ್ನು ನೆಲದ ಮೇಲೆ ಬಿಟ್ಟು ಎದ್ದರೆ ಅದು ಉರುಳುತ್ತದೆ, ರೆಫರಿ ಬಗ್ಗಿ ಹಿಡಿಯಬೇಕು, ಮೂರು ನಾಲ್ಕು ಸೆಕೆಂಡ್ ಹೋಯಿತು. ಎದೆಗೆ ಅವಚಿಕೊಂಡೇ ಎದ್ದು, ಎರಡು ಹೆಜ್ಜೆ ಓಡಿ, ಹತ್ತಿರದ ರೆಫರಿಯ ಕೈಯಲ್ಲೇ ಇಟ್ಟರೆ ಚೆಂಡು ಕೂಡಲೇ ಜಾಗಕ್ಕೆ ಬರುತ್ತದೆ. ಎಸೆದು ಕೊಡುವುದೂ ಬೇಡ, ಕೈ ತಪ್ಪಿದರೆ ಮತ್ತೆ ಅದೇ ಕಥೆ. ರಿಸೀವರ್‌ಗಳು ಎಡ-ಬಲ ಬದಲಾಯಿಸದೆ ಯಾವಾಗಲೂ ತಮ್ಮ ಕಡೆಯಲ್ಲೇ ನಿಲ್ಲಲಿ. ಪ್ಲೇ ಮುಗಿದ ಮೇಲೆ ಮೈದಾನವನ್ನು ಅಡ್ಡ ದಾಟಿ ಓಡುವ ರಿಸೀವರ್ ಐದು ಪ್ಲೇ ಆಗುವಷ್ಟರಲ್ಲಿ ದಣಿಯುತ್ತಾನೆ.

ಸ್ನ್ಯಾಪ್ ವಿಷಯಕ್ಕೆ ಎಷ್ಟು ಸಮಯ ಕೊಟ್ಟರೂ ಸಾಲದು. ಕ್ವಾರ್ಟರ್‌ಬ್ಯಾಕ್ ಬದಲಾದಾಗ ಮೊದಲು ಕೆಡುವುದು ಅದೇ. ಸೆಂಟರ್‌ನ ಕೈ ಒಬ್ಬನ ಎತ್ತರಕ್ಕೆ, ಅವನು ನಿಲ್ಲುವ ದೂರಕ್ಕೆ ಒಗ್ಗಿರುತ್ತದೆ. ಬದಲಿಯವನು ಶಾಟ್‌ಗನ್‌ನಲ್ಲಿ (ಸೆಂಟರ್‌ನಿಂದ ದೂರ ನಿಂತು ಚೆಂಡು ಪಡೆಯುವಾಗ) ಅದೇ ಐದು ಯಾರ್ಡ್ ಹಿಂದೆ ನಿಲ್ಲಲಿ, ಅರ್ಧ ಯಾರ್ಡ್ ವ್ಯತ್ಯಾಸವೂ ಚೆಂಡನ್ನು ಎದೆಯಿಂದ ಮಂಡಿಗೆ ಇಳಿಸುತ್ತದೆ. ಪ್ರತಿದಿನ ಅಭ್ಯಾಸದ ಮೊದಲು ಆ ಸೆಂಟರ್ ಜೊತೆ 15 ಶಾಟ್‌ಗನ್ ಸ್ನ್ಯಾಪ್, 5 ಸೆಂಟರ್‌ಗೆ ತಾಗಿ ನಿಂತು ತೆಗೆದುಕೊಳ್ಳುವ ಸ್ನ್ಯಾಪ್. ಈ ಐದನ್ನು ಬಿಡುವಂತಿಲ್ಲ. ಎನ್‌ಎಫ್‌ಎಲ್ ನಿಯಮದಲ್ಲಿ ಸ್ಪೈಕ್ ಮಾಡುವ ಕ್ವಾರ್ಟರ್‌ಬ್ಯಾಕ್ ಸೆಂಟರ್‌ನ ಹಿಂದೆಯೇ ತಾಗಿ ನಿಂತು ಚೆಂಡು ಪಡೆದು, ತಡಮಾಡದೆ ನೆಲಕ್ಕೆ ಹೊಡೆಯಬೇಕು. ವಾರವಿಡೀ ಶಾಟ್‌ಗನ್‌ನಲ್ಲೇ ಆಡಿದವನು ಕೊನೆಯ ಹತ್ತು ಸೆಕೆಂಡಿನಲ್ಲಿ ಆ ಸ್ನ್ಯಾಪ್ ಕೈಬಿಟ್ಟರೆ ಪಂದ್ಯ ಅಲ್ಲಿಗೇ ಮುಗಿಯಿತು.

ದನಿಯೂ ಬದಲಾಗುತ್ತದೆ. ಮುಖ್ಯ ಆಟಗಾರನ ಗಡಸು ದನಿಗೆ ಹೊಂದಿಕೊಂಡ ಲೈನ್‌ಮನ್‌ಗಳು ಹೊಸಬನ ಸಣ್ಣ ದನಿಗೆ ತಡವಾಗಿ ಏಳುತ್ತಾರೆ, ಇಲ್ಲವೇ ಮೊದಲೇ ಕದಲಿ ಫಾಲ್ಸ್ ಸ್ಟಾರ್ಟ್ ಕೊಟ್ಟು ಐದು ಯಾರ್ಡ್ ಕಳೆಯುತ್ತಾರೆ. ಎಣಿಕೆ ಒಂದೇ ಇರಲಿ, ಮೊದಲ ಸದ್ದಿಗೇ ಸ್ನ್ಯಾಪ್. ಏಳೆಂಟು ಪ್ಲೇಗೊಮ್ಮೆ ಮಾತ್ರ ಸುಳ್ಳು ಎಣಿಕೆ. ಅದಕ್ಕೆ ಆತುರದ ಡಿಫೆನ್ಸ್ ಆಫ್‌ಸೈಡ್ ಬಂದರೆ ಐದು ಯಾರ್ಡ್ ಲಾಭ. ಬದಲಿಯವನು ಎಡಗೈಯವನಾದರೆ ಚೆಂಡು ಉಲ್ಟಾ ಸುತ್ತುತ್ತದೆ, ರಿಸೀವರ್‌ಗಳು ಅವನಿಂದ ನೂರಿನ್ನೂರು ಚೆಂಡು ಹಿಡಿದಿರಬೇಕು. ಅವನ ಕಣ್ಣಿಗೆ ಕಾಣದ ಬದಿ ಎಡವಲ್ಲ, ಬಲ. ಆದ್ದರಿಂದ ಬಲ ಟ್ಯಾಕಲ್‌ಗೆ (ಲೈನ್‌ನ ಬಲತುದಿಯ ಲೈನ್‌ಮನ್‌ಗೆ) ನೆರವು ಬೇಕಾಗುತ್ತದೆ.

ಅವನು ಒಳಗೆ ಹೋಗುವ ಹೊತ್ತು

ಗಾಯದ ಟೈಮ್‌ಔಟ್‌ನಲ್ಲಿ ಸಿಗುವುದು ಒಂದೆರಡು ನಿಮಿಷ. ಮೊದಲು ಹೆಲ್ಮೆಟ್, ರೇಡಿಯೋ ಕೇಳುತ್ತಿದೆಯೇ ಎಂಬ ಪರೀಕ್ಷೆ. ಆಮೇಲೆ ಬದಲಿ ಸೆಂಟರ್‌ನಿಂದ ಐದಾರು ಸ್ನ್ಯಾಪ್, ಎಂಟ್ಹತ್ತು ಎಸೆತ, ಹತ್ತಿರದಿಂದ ದೂರಕ್ಕೆ. ಪ್ರತಿ ಕ್ವಾರ್ಟರ್ ಮುಗಿದಾಗ ಅವನು ಸೈಡ್‌ಲೈನ್‌ನಲ್ಲಿ ತೋಳು ಬಿಸಿ ಮಾಡಿಕೊಂಡಿದ್ದರೆ ಇಷ್ಟೇ ಸಾಕು. ತಣ್ಣಗೆ ಕೂತಿದ್ದವನಿಗೆ ಇಪ್ಪತ್ತು ಎಸೆತವೂ ಸಾಲದು. ಈ ಹೊತ್ತಿನಲ್ಲಿ ಒಬ್ಬ ಕೋಚ್ ಮಾತ್ರ ಅವನೊಡನೆ ಮಾತನಾಡಲಿ, ಅದೂ ಮೊದಲ ಎರಡು ಪ್ಲೇ ಯಾವುವು ಎಂದು ಹೇಳುವುದಕ್ಕಷ್ಟೇ.

ಮೊದಲ ಪ್ಲೇ ಹ್ಯಾಂಡ್‌ಆಫ್, ಚೆಂಡನ್ನು ಓಟಗಾರನ ಕೈಗೆ ಕೊಡುವುದು. ಎರಡನೆಯದು ಎಷ್ಟೇ ಯಾರ್ಡ್ ಬಾಕಿಯಿದ್ದರೂ ಚುರುಕಿನ ಪಾಸ್. ಅವನ ಕೈ ಬೇಗ ಬಿಸಿಯಾಗಬೇಕು, ‘ಇವನು ಎಸೆಯುತ್ತಾನೆ’ ಎಂದು ಡಿಫೆನ್ಸ್‌ಗೂ ತಿಳಿಯಬೇಕು. ಬ್ಲಿಟ್ಜ್ ಬರುವುದು ಖಚಿತ, ಹೊಸ ಕ್ವಾರ್ಟರ್‌ಬ್ಯಾಕ್ ಕಂಡರೆ ಎಲ್ಲ ಡಿಫೆನ್ಸ್‌ಗಳೂ ಅದನ್ನೇ ಮಾಡುತ್ತವೆ. ಲೆಕ್ಕ ಹೀಗೆ ಹೇಳಿಕೊಡಿ: ಐವರು ಲೈನ್‌ಮನ್, ಒಬ್ಬ ರನ್ನಿಂಗ್ ಬ್ಯಾಕ್, ಒಟ್ಟು ಆರು ಜನ ತಡೆಯುತ್ತಾರೆ. ಏಳನೆಯವನು ಬಂದರೆ ಅವನ ಪಾಲು ಕ್ವಾರ್ಟರ್‌ಬ್ಯಾಕ್‌ನದು, ಚೆಂಡು ಕೂಡಲೇ ಹಾಟ್ ರಿಸೀವರ್‌ಗೆ (ಬ್ಲಿಟ್ಜ್ ಬಂದರೆ ಎಸೆಯಲು ಮೊದಲೇ ಗೊತ್ತುಮಾಡಿದವನಿಗೆ) ಹೋಗಬೇಕು. ಪ್ರತಿ ಪಾಸ್‌ನಲ್ಲೂ ಹಾಟ್ ಯಾರೆಂದು ಮೊದಲೇ ಗೊತ್ತಿರಲಿ. ಪ್ರೊಟೆಕ್ಷನ್ ಯಾವ ಕಡೆ ಸರಿಯಬೇಕು ಎಂದು ಹೇಳುವ ಹೊಣೆಯನ್ನು ಸೆಂಟರ್‌ಗೆ ಬಿಟ್ಟುಬಿಡಿ.

ಮೂರನೆಯವನ ಬಗ್ಗೆಯೂ ಒಂದು ಮಾತು. 2023ರ ಜನವರಿ 29ರ ಎನ್‌ಎಫ್‌ಸಿ (ಎನ್‌ಎಫ್‌ಎಲ್‌ನ ಎರಡು ವಿಭಾಗಗಳಲ್ಲಿ ಒಂದು) ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಮೊಣಕೈಗೆ ಪೆಟ್ಟು ಮಾಡಿಕೊಂಡರು. ಅವರ ಬದಲಿಗೆ ಬಂದ ಜೋಶ್ ಜಾನ್ಸನ್‌ಗೆ ತಲೆಗೆ ಪೆಟ್ಟಾಯಿತು, ಸರಿಯಾಗಿ ಎಸೆಯಲಾಗದ ಪರ್ಡಿಯೇ ಮತ್ತೆ ಇಳಿಯಬೇಕಾಯಿತು. ಆ ವರ್ಷವೇ ತುರ್ತು ಮೂರನೇ ಕ್ವಾರ್ಟರ್‌ಬ್ಯಾಕ್ ನಿಯಮ ಮರಳಿ ಬಂತು. ನಿಮ್ಮ ಮೂರನೆಯವನಿಗೆ ನಾಲ್ಕು ಪ್ಲೇ ಬಂದರೂ ಸಾಕು, ಆದರೆ ಆ ನಾಲ್ಕು ಚೆನ್ನಾಗಿ ಬರಲಿ.

ಕೊನೆಯ ಎರಡು ನಿಮಿಷ

ಇಲ್ಲಿ ನಿಯಮ ಗೊತ್ತಿಲ್ಲದ ಕ್ವಾರ್ಟರ್‌ಬ್ಯಾಕ್‌ನ ಪ್ರತಿಭೆ ಉಪಯೋಗಕ್ಕೆ ಬರುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ಸೈಡ್‌ಲೈನ್ ದಾಟಿದರೆ ಮುಂದಿನ ಸ್ನ್ಯಾಪ್‌ವರೆಗೆ ಗಡಿಯಾರ ನಿಲ್ಲುವುದು ಮೊದಲರ್ಧದ ಕೊನೆಯ 2 ನಿಮಿಷ ಮತ್ತು ದ್ವಿತೀಯಾರ್ಧದ ಕೊನೆಯ 5 ನಿಮಿಷದಲ್ಲಿ ಮಾತ್ರ. ಕಾಲೇಜು ಆಟದಲ್ಲಿ 2023ರಿಂದ ಫಸ್ಟ್ ಡೌನ್ ಸಿಕ್ಕಾಗ ಗಡಿಯಾರ ನಿಲ್ಲುವುದು ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಷ್ಟೇ. ಕಾಲೇಜಿನಲ್ಲಿ ಸ್ಪೈಕ್ ಮಾಡಿ ಇನ್ನೊಂದು ಪ್ಲೇ ಆಡಲು ಕನಿಷ್ಠ 3 ಸೆಕೆಂಡ್ ಉಳಿದಿರಬೇಕು. ಎರಡೇ ಉಳಿದಿದ್ದರೆ ನೇರ ಪ್ಲೇಗೇ ಹೋಗಬೇಕು.

ಒಂದು ಲೆಕ್ಕ ಹಾಕಿ ನೋಡೋಣ. 1 ನಿಮಿಷ 50 ಸೆಕೆಂಡ್, ಎರಡು ಟೈಮ್‌ಔಟ್, 75 ಯಾರ್ಡ್ ಬಾಕಿ. ಮೈದಾನದೊಳಗೆ ಮುಗಿಯುವ ಪ್ಲೇಗೆ, ಲೈನ್‌ಗೆ ಮರಳುವ ಸಮಯವೂ ಸೇರಿ, ಸುಮಾರು 23 ಸೆಕೆಂಡ್. ಹೊರಗೆ ಹೋದರೆ, ಪಾಸ್ ನೆಲಕ್ಕೆ ಬಿದ್ದರೆ ಅಥವಾ ಟೈಮ್‌ಔಟ್ ತೆಗೆದುಕೊಂಡರೆ ಸುಮಾರು 6. ಒಳಗೆ ಮುಗಿದ ಮೂರು ಪ್ಲೇಗೆ 69, ಟೈಮ್‌ಔಟ್ ಬಳಸಿದ ಎರಡಕ್ಕೆ 12, ಗಡಿಯಾರ ನಿಂತ ನಾಲ್ಕಕ್ಕೆ 24. ಒಟ್ಟು ಒಂಬತ್ತು ಪ್ಲೇ, 105 ಸೆಕೆಂಡ್. ಒಂಬತ್ತು ಪ್ಲೇ ಇದೆ ಎಂದು ಗೊತ್ತಾದರೆ ಮೊದಲ ಎಸೆತದಲ್ಲೇ ನಲವತ್ತು ಯಾರ್ಡ್ ಹುಡುಕುವ ಗೀಳು ಬಿಡುತ್ತದೆ. ಈ ಲೆಕ್ಕವನ್ನು ಬದಲಿಯವನಿಗೆ ಬಾಯಿಪಾಠ ಮಾಡಿಸಿ.

ಸ್ಪೈಕ್ ಒಂದು ಡೌನ್ ನುಂಗುತ್ತದೆ. 30 ಸೆಕೆಂಡಿಗಿಂತ ಹೆಚ್ಚು ಉಳಿದಿದ್ದು ಕರೆ ಸಿದ್ಧವಿದ್ದರೆ ಪ್ಲೇ ಆಡುವುದೇ ಲೇಸು. ಸ್ಪೈಕ್‌ಗೂ ಹನ್ನೊಂದೂ ಜನ ಒಂದು ಸೆಕೆಂಡ್ ಅಲುಗಾಡದೆ ನಿಂತಿರಬೇಕು, ಏಳು ಮಂದಿ ಲೈನ್ ಮೇಲಿರಬೇಕು. ಓಡಿಬರುವ ಕೊನೆಯ ರಿಸೀವರ್‌ಗೆ ಕಾಯದೆ ಚೆಂಡು ತೆಗೆದುಕೊಂಡರೆ ದಂಡ. ಎನ್‌ಎಫ್‌ಎಲ್‌ನಲ್ಲೂ ಕಾಲೇಜಿನಲ್ಲೂ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಗಡಿಯಾರ ಓಡುತ್ತಿದ್ದರೆ ಇಂಥ ತಪ್ಪಿಗೆ ಐದು ಯಾರ್ಡ್ ಜೊತೆಗೆ ಹತ್ತು ಸೆಕೆಂಡನ್ನೂ ಕಳೆಯಬಹುದು. ಟೈಮ್‌ಔಟ್ ಉಳಿದಿದ್ದರೆ ಅದನ್ನು ಕೊಟ್ಟು ಆ ಹತ್ತು ಸೆಕೆಂಡ್ ಉಳಿಸಿಕೊಳ್ಳಬಹುದು. ಕೊನೆಯ ಟೈಮ್‌ಔಟನ್ನು ಆದಷ್ಟು ತಡವಾಗಿ ಬಳಸಿ ಎನ್ನಲು ಇದೂ ಒಂದು ಕಾರಣ. ಫೀಲ್ಡ್ ಗೋಲ್ ತಂಡ ಓಡಿಬಂದು ಒದೆಯಲು ಎಷ್ಟು ಸೆಕೆಂಡ್ ಬೇಕೆಂದು ಅಭ್ಯಾಸದಲ್ಲೇ ಅಳೆದಿಡಿ. ಅಷ್ಟು ಉಳಿದಿಲ್ಲದಿದ್ದರೆ ಮೈದಾನದ ನಡುವೆ ಎಸೆಯುವ ಪ್ಲೇ ಪಟ್ಟಿಯಿಂದಲೇ ಹೊರಗೆ.

ಮುನ್ನಡೆ ಸಿಕ್ಕಿದ ಮೇಲೆ

ವೇಗಕ್ಕೆ ಒಗ್ಗಿದ ಬದಲಿಯವನಿಗೆ ನಿಧಾನವನ್ನೂ ಕಲಿಸಿರಬೇಕು. ಮುನ್ನಡೆಯಲ್ಲಿದ್ದಾಗ ಲೈನ್‌ಗೆ ಬೇಗ ಬಂದರೂ ಪ್ಲೇ ಕ್ಲಾಕ್ 5ಕ್ಕೆ ಇಳಿಯುವವರೆಗೆ ಸ್ನ್ಯಾಪ್ ಬೇಡ, ಪಾಸ್ ಕೈಗೆ ಬರುವಂತಿಲ್ಲದಿದ್ದರೆ ಹೊರಗೆ ಎಸೆಯುವ ಬದಲು ಚೆಂಡು ಹಿಡಿದು ಮೈದಾನದೊಳಗೇ ಕೂರಲಿ. ಎನ್‌ಎಫ್‌ಎಲ್‌ನಲ್ಲಿ ಎರಡು ನಿಮಿಷದ ಎಚ್ಚರಿಕೆ (ಎರಡು ನಿಮಿಷ ಉಳಿದಾಗ ಬರುವ ವಿರಾಮ) ಮುಗಿದು, ಫಸ್ಟ್ ಡೌನ್ ನಿಮ್ಮದಾಗಿ, ಎದುರಾಳಿಯ ಬಳಿ ಟೈಮ್‌ಔಟ್ ಇಲ್ಲದಿದ್ದರೆ ಮೂರು ಸಲ ಮಂಡಿಯೂರಿದರೆ ಸಾಕು. ಪ್ರತಿ ಸಲವೂ ಸುಮಾರು 40 ಸೆಕೆಂಡ್ ಹೋಗುತ್ತದೆ. ಇದನ್ನೂ ಅಭ್ಯಾಸ ಮಾಡಿಸಿ: ಎರಡೂ ಕೈ ಸೆಂಟರ್‌ಗೆ ಒತ್ತಿ ಹಿಡಿದಿರಬೇಕು, ಚೆಂಡು ಹೊಟ್ಟೆಗೆ ಸೇರಿದ ಮೇಲೆಯೇ ಒಂದು ಹೆಜ್ಜೆ ಹಿಂದೆ, ಆಮೇಲೆ ಮಂಡಿ ನೆಲಕ್ಕೆ, ಏಳೆಂಟು ಯಾರ್ಡ್ ಹಿಂದೆ ಒಬ್ಬ ವೇಗದ ಓಟಗಾರ, ಚೆಂಡು ಜಾರಿದರೆ ಅದರ ಮೇಲೆ ಬೀಳುವುದಕ್ಕೆ.